ಗಟ್ಟಿ ಮಾಡಿದರೆ ಕಾರು ರಸ್ತೆ ಹಿಡಿಯುತ್ತದಾ? ದೇವರಾಯನದುರ್ಗದ ಒಂದು ತಿರುವು ಕಲಿಸಿದ ಸಸ್ಪೆನ್ಷನ್ ಲೆಕ್ಕ

ತುಮಕೂರಿನಿಂದ ನಾಮದ ಚಿಲುಮೆ ದಾಟಿ ದೇವರಾಯನದುರ್ಗಕ್ಕೆ ಹತ್ತುವಾಗ ಒಂದು ಬಲ ತಿರುವು ಸಿಗುತ್ತದೆ. ತಿರುವಿನ ನಡುಮಧ್ಯದಲ್ಲೇ ಟಾರು ಕುಗ್ಗಿ ಅಲೆ ಅಲೆಯಾಗಿದೆ. ನರಸಿಂಹಸ್ವಾಮಿ ದರ್ಶನಕ್ಕೆ ಹೋಗುವ ಬಸ್ಸು, ಆಟೋ ಯಾವುದಕ್ಕೂ ಅದು ಲೆಕ್ಕಕ್ಕಿಲ್ಲ. ನನ್ನ ಕಾರು ಮಾತ್ರ ಒಂದು ಭಾನುವಾರ ಬೆಳಗ್ಗೆ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ, ಆ ಅಲೆಗಳ ಮೇಲೆ ಟಕಟಕ ಎಗರಿ ಒಂದಡಿ ಎಡಕ್ಕೆ ಜರುಗಿತು. ಪಕ್ಕದ ಮಣ್ಣಿಗೆ ಇಳಿಯಲಿಲ್ಲ, ಪುಣ್ಯ.

ಅದು ಎರಡು ಸೀಟಿನ, ಹಿಂದಿನ ಚಕ್ರ ತಳ್ಳುವ ಹಳೆಯ ಸ್ಪೋರ್ಟ್ಸ್ ಕಾರು. ಸೆಕೆಂಡ್‌ಹ್ಯಾಂಡ್‌ನಲ್ಲಿ ತಗೊಂಡದ್ದು. ಆ ಬೆಳಗ್ಗೆಗೆ ಒಂದು ತಿಂಗಳ ಮುಂಚೆ ಒಂದು ಅಂಗಡಿಯಲ್ಲಿ ಕಾಯಿಲ್‌ಓವರ್ ಕಿಟ್ ಹಾಕಿಸಿದ್ದೆ. ಶಾಕ್ ಅಬ್ಸಾರ್ಬರ್ ಸುತ್ತ ಸ್ಪ್ರಿಂಗ್ ಕೂತಿರುತ್ತದೆ, ತಿರುಪಿನ ಗೆರೆಗಳಿರುವ ಒಂದು ಬಳೆ ತಿರುಗಿಸಿ ಕಾರಿನ ಎತ್ತರ ಬದಲಿಸಬಹುದು. ಅದೇ ಕಾಯಿಲ್‌ಓವರ್. ಅಂಗಡಿಯವರು ಕಾರನ್ನು 40 ಮಿ.ಮೀ. ಇಳಿಸಿದರು, ಶಾಕ್‌ನ ತಿರುಪನ್ನು ಪೂರ್ತಿ ಗಟ್ಟಿಗೆ ತಿರುಗಿಸಿದರು. 'ಈಗ ರೇಸ್ ಕಾರಿನ ಹಾಗೆ ರಸ್ತೆ ಹಿಡಿಯುತ್ತೆ' ಅಂದರು. ನಾನೂ ನಂಬಿದೆ. ಗಟ್ಟಿ ಅಂದರೆ ಒಳ್ಳೆಯದು ಅಂತ ಎಷ್ಟೋ ಜನ ನಂಬಿರುತ್ತಾರೆ, ಅಲ್ವಾ? ಆ ನಂಬಿಕೆ ಯಾಕೆ ತಪ್ಪು, ಮತ್ತೆ ಸರಿ ಯಾವುದು ಅಂತ ಹೇಳುವುದೇ ಈ ಬರಹದ ಉದ್ದೇಶ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕಾರು ಎಷ್ಟೇ ದೊಡ್ಡದಿರಲಿ, ನೆಲ ಮುಟ್ಟುವುದು ನಾಲ್ಕು ಕಡೆ ಮಾತ್ರ. ಒಂದೊಂದು ಕಡೆಯೂ ಹೆಚ್ಚುಕಮ್ಮಿ ಒಂದು ಅಂಗೈಯಷ್ಟು ರಬ್ಬರ್. ಬ್ರೇಕ್ ಹಿಡಿಯುವುದು, ತಿರುಗುವುದು, ಓಡುವುದು ಎಲ್ಲವೂ ಆ ನಾಲ್ಕು ಅಂಗೈಗಳ ಕೆಲಸ. ಅವು ಸದಾ ನೆಲಕ್ಕೆ ಒತ್ತಿಕೊಂಡಿರಬೇಕು, ಆ ಒತ್ತಡ ಜಾಸ್ತಿ ಏರಿಳಿಯಬಾರದು. ಸ್ಪ್ರಿಂಗ್, ಶಾಕ್ ಎಲ್ಲ ಸೇರಿದ ಸಸ್ಪೆನ್ಷನ್ ಇರುವುದೇ ಅದಕ್ಕೆ. ನಮ್ಮ ಬೆನ್ನಿಗೆ ಸುಖ ಸಿಗುವುದು ಅದರ ಇನ್ನೊಂದು ಲಾಭ.

ಅಂತರಸನಹಳ್ಳಿ ಕಡೆ ಲಾರಿ ಕೆಲಸ ಮಾಡುವ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ. ಲಾರಿಯ ಕಮಾನು ಪಟ್ಟಿ ಕಟ್ಟುವುದರಲ್ಲಿ ಅವರ ಕೈ ಪಳಗಿದೆ. ಅವರಿಗೆ ಕಾರು ತೋರಿಸಿದೆ. ಅವರು ಮುಂದಿನ ಮೂಲೆಯನ್ನು ಎರಡು ಕೈಯಿಂದ ಒತ್ತಿದರು. ಕಾರು ಒಂದಿಷ್ಟೂ ಇಳಿಯಲಿಲ್ಲ.

'ಸಾರ್, ಇದು ಅಲ್ಲಾಡ್ತಾನೇ ಇಲ್ಲ. ಉಬ್ಬು ಬಂದಾಗ ಸ್ಪ್ರಿಂಗ್ ಕುಗ್ಗದಿದ್ರೆ ಗಾಡೀನೇ ಮೇಲೆ ಏಳ್ಬೇಕು. ಗಾಡಿ ಎದ್ರೆ ಟೈರಿಗೆ ನೆಲ ಎಲ್ಲಿ ಸಿಗುತ್ತೆ?' ಅಂದರು.

ಸಸ್ಪೆನ್ಷನ್ ಬಗ್ಗೆ ನಾನು ಓದಿದ್ದೆಲ್ಲ ಕೊನೆಗೆ ಈ ಮಾತಿಗೇ ಬಂದು ಸೇರಿತು. ನುಣ್ಣಗಿನ ರೇಸ್ ಟ್ರ್ಯಾಕ್‌ನಲ್ಲಿ ಉಬ್ಬು ತಗ್ಗು ಕಡಿಮೆ. ಅಲ್ಲಿ ಗಟ್ಟಿ ಸ್ಪ್ರಿಂಗ್ ನಡೆಯುತ್ತದೆ. ನಮ್ಮ ರಸ್ತೆಯಲ್ಲಿ ಅದೇ ಸ್ಪ್ರಿಂಗ್ ಟೈರನ್ನು ನೆಲದಿಂದ ಕಿತ್ತು ಎತ್ತುತ್ತದೆ.

ಹಾಗಾದರೆ ಎಷ್ಟು ಗಟ್ಟಿ ಬೇಕು? ಇದಕ್ಕೆ ಒಂದು ಚೆಂದದ ಅಳತೆ ಇದೆ. ಸ್ಪ್ರಿಂಗ್ ಮೇಲೆ ಕೂತ ಯಾವುದೇ ತೂಕಕ್ಕೂ ತನ್ನದೇ ಒಂದು ತೂಗುವ ಲಯ ಇರುತ್ತದೆ. ಒಮ್ಮೆ ಅದುಮಿ ಬಿಟ್ಟರೆ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಗುತ್ತದೆ ಅನ್ನುವುದೇ ಆ ಲಯ. ತಿಪಟೂರಿನ ಕಡೆಯಿಂದ ಬರುವ ಲಾರಿಗಳನ್ನು ನೋಡಿ. ಖಾಲಿ ಇದ್ದಾಗ ಧಡಧಡ ಕುಣಿಯುತ್ತದೆ. ತೆಂಗಿನಕಾಯಿ ತುಂಬಿದ ಮೇಲೆ ಅದೇ ಲಾರಿ, ಅದೇ ಕಮಾನು, ತೊಟ್ಟಿಲ ಹಾಗೆ ತೂಗುತ್ತಾ ಹೋಗುತ್ತದೆ. ಸ್ಪ್ರಿಂಗ್ ಬದಲಾಗಿಲ್ಲ, ತೂಕ ಬದಲಾಗಿದೆ, ಅದಕ್ಕೆ ಲಯ ಇಳಿದಿದೆ. ಹಾಗಾಗಿ ಸ್ಪ್ರಿಂಗ್‌ನ ಗಟ್ಟಿತನ ಒಂದನ್ನೇ ಹೇಳಿದರೆ ಏನೂ ಹೇಳಿದ ಹಾಗಲ್ಲ. ಅದು ಎಷ್ಟು ತೂಕ ಹೊತ್ತಿದೆ ಅಂತಲೂ ಹೇಳಬೇಕು.

ಮನೆಮಂದಿ ಓಡಾಡುವ ಕಾರಿನಲ್ಲಿ ಈ ಲಯ ಸೆಕೆಂಡಿಗೆ 1ರಿಂದ 1.5 ಸಲ ಇರುತ್ತದೆ. ರಸ್ತೆಯ ಸ್ಪೋರ್ಟ್ಸ್ ಕಾರಿನಲ್ಲಿ 1.5ರಿಂದ 2ರ ಒಳಗೆ. ಟ್ರ್ಯಾಕ್‌ಗೆಂದೇ ಮಾಡಿದ ಕಾರು 2 ದಾಟುತ್ತದೆ. ಗಾಳಿಯ ಒತ್ತಡದಿಂದ ನೆಲಕ್ಕೆ ಅಂಟಿಕೊಂಡು ಓಡುವ ರೇಸ್ ಕಾರುಗಳು 3, 4, ಅದಕ್ಕೂ ಮೇಲೆ ಹೋಗುತ್ತವೆ. ನಮ್ಮ ದೇಹಕ್ಕೆ ಮೇಲೆ ಕೆಳಗಿನ ಅಲುಗಾಟದಲ್ಲಿ ತುಂಬಾ ತೊಂದರೆ ಕೊಡುವುದು ಸೆಕೆಂಡಿಗೆ 4ರಿಂದ 8 ಸಲದ ನಡುಕ. ಅದರ ಹತ್ತಿರ ಹೋದಷ್ಟೂ ಹೊಟ್ಟೆ, ಬೆನ್ನು ದೂರು ಹೇಳುತ್ತವೆ.

ಇನ್ನು ಒಂದು ಮುಖ್ಯ ಮಾತು. ಸ್ಪ್ರಿಂಗ್ ಮೇಲೆ ಬರೆದ ಅಂಕಿಯೇ ಚಕ್ರಕ್ಕೆ ಸಿಗುವ ಅಂಕಿ ಅಲ್ಲ. ಸ್ಪ್ರಿಂಗ್ ಚಕ್ರದಿಂದ ಒಳಗೆ, ಆರ್ಮ್‌ನ (ಚಕ್ರವನ್ನು ಕಾರಿನ ಮೈಗೆ ಸೇರಿಸುವ ತೋಳಿನ) ಮಧ್ಯದಲ್ಲಿ ಕೂತಿದ್ದರೆ ಚಕ್ರ 10 ಮಿ.ಮೀ. ಎದ್ದಾಗ ಸ್ಪ್ರಿಂಗ್ 7 ಮಿ.ಮೀ. ಮಾತ್ರ ಕುಗ್ಗಬಹುದು. ಆಗ ಅನುಪಾತ 0.7. ಇದನ್ನು ಒಂದು ಸಲ ಅಲ್ಲ, ಎರಡು ಸಲ ಗುಣಿಸಬೇಕು. ಸ್ಪ್ರಿಂಗ್ ಕುಗ್ಗುವುದೂ ಕಡಿಮೆ, ಅದರ ಬಲ ಚಕ್ರಕ್ಕೆ ತಲುಪುವುದೂ ಕಡಿಮೆ, ಅದಕ್ಕೆ. 0.7 ಗುಣಿಸು 0.7 ಅಂದರೆ 0.49. ಅಂದರೆ ಚಕ್ರಕ್ಕೆ ಸಿಗುವುದು ಸ್ಪ್ರಿಂಗ್‌ನ ಅರ್ಧ ಗಟ್ಟಿತನ.

ನನ್ನ ಕಾರಿನ ಲೆಕ್ಕವನ್ನೇ ಹೇಳುತ್ತೇನೆ. ಒಂದೊಂದು ಮೂಲೆಯ ಸ್ಪ್ರಿಂಗ್ ಮೇಲೆ ಸುಮಾರು 290 ಕೆ.ಜಿ. ತೂಕ. ಮುಂದೆ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಟ್ಟಿಗಿರುವ ಕಂಬ, ಚಕ್ರದ ಪಕ್ಕದಲ್ಲೇ ಇದೆ, ಅನುಪಾತ 0.95. ಹಿಂದೆ 0.7. ಕಿಟ್ ಜೊತೆ ಬಂದ ಸ್ಪ್ರಿಂಗ್‌ಗಳು ಮುಂದೆ ಮಿಲಿಮೀಟರಿಗೆ 7 ಕೆ.ಜಿ. (ಒಂದು ಮಿ.ಮೀ. ಕುಗ್ಗಿಸಲು 7 ಕೆ.ಜಿ. ಭಾರ ಬೇಕು), ಹಿಂದೆ 10 ಕೆ.ಜಿ. ನೋಡಿದರೆ ಹಿಂದಿನದೇ ಗಟ್ಟಿ ಅನ್ನಿಸುತ್ತದೆ. ಚಕ್ರದ ಹತ್ತಿರ ಲೆಕ್ಕ ಹಾಕಿದರೆ ಮುಂದೆ 6.3, ಹಿಂದೆ 4.9. ಲಯ ತೆಗೆದರೆ ಮುಂದೆ 2.3, ಹಿಂದೆ 2.05. ಪೂರ್ತಿ ಉಲ್ಟಾ! ಅಲ್ಲದೆ ಎರಡೂ ಟ್ರ್ಯಾಕ್ ಕಾರಿನ ಅಂಕಿಗಳು. ಅಂಗಡಿಯಲ್ಲಿ ಈ ಲೆಕ್ಕವನ್ನು ಯಾರೂ ಹಾಕಿರಲಿಲ್ಲ. ಪೆನ್ನು, ಕಾಗದ, ಹತ್ತು ನಿಮಿಷ ಇದ್ದರೆ ಸಾಕಿತ್ತು.

ಉಲ್ಟಾ ಅಂತ ಯಾಕೆ ಅಂದೆ? ಇದರ ಹಿಂದೆ 1930ರ ದಶಕದ ಕಥೆ ಇದೆ. ಮಾರಿಸ್ ಓಲಿ ಅನ್ನುವ ಎಂಜಿನಿಯರ್ ರೋಲ್ಸ್ ರಾಯ್ಸ್‌ನಿಂದ ಅಮೆರಿಕದ ಜನರಲ್ ಮೋಟಾರ್ಸ್‌ಗೆ ಬಂದವರು. ಕಾರಿನ ತೂಕವನ್ನು ಹಿಂದೆ ಮುಂದೆ ಸರಿಸಿ, ಸ್ಪ್ರಿಂಗ್ ಬದಲಿಸಿ, ಯಾವಾಗ ಸವಾರಿ ಸಮತಟ್ಟಾಗಿರುತ್ತದೆ ಅಂತ ಪರೀಕ್ಷೆ ಮಾಡಿದರು. ಹಿಂದಿನ ಸ್ಪ್ರಿಂಗ್‌ಗಳ ಲಯ ಮುಂದಿನದಕ್ಕಿಂತ ಸ್ವಲ್ಪ ಚುರುಕಾಗಿದ್ದರೆ ಕಾರು ಮೂಗು ತೂಗುವುದಿಲ್ಲ ಅಂತ ಕಂಡುಕೊಂಡರು. ಕಾರಣ ಸರಳ. ಉಬ್ಬು ಮೊದಲು ಸಿಗುವುದು ಮುಂದಿನ ಚಕ್ರಕ್ಕೆ. ಹಿಂದಿನ ಚಕ್ರಕ್ಕೆ ಸ್ವಲ್ಪ ತಡವಾಗಿ ಸಿಗುತ್ತದೆ. ಹಿಂಭಾಗ ಚುರುಕಾಗಿದ್ದರೆ ಆ ತಡವನ್ನು ತುಂಬಿಕೊಂಡು ಮುಂಭಾಗದ ಜೊತೆ ಸೇರಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಇಳಿಯುತ್ತವೆ.

ಬೆಂಗಳೂರಿನಿಂದ ಬರುವಾಗ ನೆಲಮಂಗಲದ ಕಡೆಯ ಎತ್ತರಿಸಿದ ರಸ್ತೆಯಲ್ಲಿ ಕಾಂಕ್ರೀಟ್ ಜೋಡಣೆಗಳು ಸಾಲಾಗಿ ಬರುತ್ತವೆ. 80 ಕಿ.ಮೀ. ವೇಗದಲ್ಲಿ ಮುಂದಿನ ಚಕ್ರ ಒಂದು ಜೋಡಣೆ ದಾಟಿದ ಸುಮಾರು 0.11 ಸೆಕೆಂಡಿಗೆ ಹಿಂದಿನ ಚಕ್ರ ಅದೇ ಜೋಡಣೆಗೆ ಬರುತ್ತದೆ. ನನ್ನ ಕಾರು ಅಲ್ಲಿ ಕುದುರೆ ಸವಾರಿಯ ಹಾಗೆ ಮೂಗು ಎತ್ತಿ ಇಳಿಸುತ್ತಿತ್ತು. ಪಕ್ಕದಲ್ಲಿ ಕೂತ ಹೆಂಡತಿ ಡಾಬಸ್‌ಪೇಟೆ ಬರುವ ಹೊತ್ತಿಗೆ 'ತಲೆ ನೋಯ್ತಿದೆ ಕಣ್ರೀ, ಇದೇನು ಕಾರೋ ಎತ್ತಿನ ಗಾಡಿಯೋ' ಅಂದಳು. ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಚುರುಕಾಗಿದ್ದದ್ದೇ ಅದಕ್ಕೆ ಕಾರಣ.

ಕೊನೆಗೆ ಮುಂದೆ 4 ಕೆ.ಜಿ., ಹಿಂದೆ 8 ಕೆ.ಜಿ. ಸ್ಪ್ರಿಂಗ್ ಹಾಕಿಸಿದೆ. ಅಂಕಿ ನೋಡಿದವರು 'ಹಿಂದೆ ಡಬಲ್ ಗಟ್ಟಿನಾ?' ಅಂತ ಬೆಚ್ಚಿದರು. ಚಕ್ರದ ಹತ್ತಿರ ಅವು 3.6 ಮತ್ತು 3.9 ಅಷ್ಟೇ. ಲಯ ಮುಂದೆ 1.76, ಹಿಂದೆ 1.83. ಈಗ ಅದೇ ಜೋಡಣೆಗಳ ಮೇಲೆ ಕಾರು ಇಡಿಯಾಗಿ ಒಂದು ಸಲ ಎದ್ದು ಕೂರುತ್ತದೆ.

ಸ್ಪ್ರಿಂಗ್ ಆಯಿತು. ಆದರೆ ಸ್ಪ್ರಿಂಗ್ ಮಾತ್ರ ಇದ್ದರೆ ಕಾರು ಉಯ್ಯಾಲೆಯ ಹಾಗೆ ತೂಗುತ್ತಲೇ ಇರುತ್ತದೆ. ಅದನ್ನು ನಿಲ್ಲಿಸುವ ಕೈ ಶಾಕ್ ಅಬ್ಸಾರ್ಬರ್. ಹೆಸರು ಕೇಳಿದರೆ ಹೊಡೆತ ನುಂಗುವುದು ಅದೇ ಅನ್ನಿಸುತ್ತದೆ. ನಿಜದಲ್ಲಿ ಹೊಡೆತ ನುಂಗುವುದು ಸ್ಪ್ರಿಂಗ್, ಆಮೇಲಿನ ಕುಣಿತ ನಿಲ್ಲಿಸುವುದು ಶಾಕ್. ಒಳಗೆ ಎಣ್ಣೆ, ಎಣ್ಣೆಯಲ್ಲಿ ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ತೂತುಗಳು ಮತ್ತು ಅವನ್ನು ಮುಚ್ಚುವ ತೆಳು ಉಕ್ಕಿನ ಬಿಲ್ಲೆಗಳು. ಅಂಬಲಿಯಲ್ಲಿ ಕೋಲು ತಿರುಗಿಸಿ ನೋಡಿ. ನಿಧಾನಕ್ಕೆ ತಿರುಗಿಸಿದರೆ ಸುಲಭ. ಜೋರಾಗಿ ತಿರುಗಿಸಿದರೆ ಕೈಗೆ ತಡೆ. ಶಾಕ್ ಕೂಡ ಹಾಗೆಯೇ, ಪಿಸ್ಟನ್‌ನ ವೇಗ ಏರಿದಷ್ಟೂ ತಡೆ ಏರುತ್ತದೆ.

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಶಾಕ್‌ನ ಮಾತಿನಲ್ಲಿ ಲೋ ಸ್ಪೀಡ್, ಹೈ ಸ್ಪೀಡ್ ಅಂದರೆ ಕಾರಿನ ವೇಗ ಅಲ್ಲ, ಪಿಸ್ಟನ್‌ನ ವೇಗ. ಸ್ಟಿಯರಿಂಗ್ ತಿರುಗಿಸಿದಾಗ, ಬ್ರೇಕ್ ಒತ್ತಿದಾಗ ಕಾರಿನ ಮೈ ನಿಧಾನಕ್ಕೆ ವಾಲುತ್ತದೆ. ಆಗ ಪಿಸ್ಟನ್ ಸೆಕೆಂಡಿಗೆ 50 ಮಿ.ಮೀ. ಆಸುಪಾಸಿನಲ್ಲಿ ಚಲಿಸುತ್ತದೆ. 30 ಕಿ.ಮೀ. ವೇಗದಲ್ಲಿ ಗುಂಡಿಗೆ ಬಿದ್ದರೂ ಸಾಕು, ಪಿಸ್ಟನ್ ಸೆಕೆಂಡಿಗೆ ಒಂದು ಮೀಟರ್ ದಾಟಬಹುದು. ಒಳ್ಳೆಯ ಶಾಕ್‌ನ ಗುಟ್ಟು ಇರುವುದು ಇಲ್ಲೇ. ನಿಧಾನ ಚಲನೆಗೆ ಬಿಗಿಯಾಗಿ ತಡೆಯಬೇಕು, ಆಗ ಕಾರು ಹೇಳಿದ ಮಾತು ಕೇಳುತ್ತದೆ. ಗುಂಡಿಯ ಏಟಿಗೆ ಬಿಲ್ಲೆ ತೆರೆದು ಎಣ್ಣೆಗೆ ದಾರಿ ಬಿಡಬೇಕು, ಆಗ ಚಕ್ರ ಸಲೀಸಾಗಿ ಎದ್ದು ಇಳಿಯುತ್ತದೆ. ದುಬಾರಿ ಶಾಕ್‌ಗಳಿಗೆ ಜನ ಅಷ್ಟು ದುಡ್ಡು ಕೊಡುವುದು ಈ ಎರಡನ್ನೂ ಒಂದೇ ಕೊಳವೆಯಲ್ಲಿ ಮಾಡುವುದಕ್ಕೆ. ಕೈಯಲ್ಲಿ ಇಷ್ಟೇ ದುಡ್ಡು ಇದೆ ಅಂತಾದರೆ ಅದನ್ನು ಶಾಕ್‌ಗೆ ಹಾಕಿ, ದೊಡ್ಡ ಅಲಾಯ್ ಚಕ್ರಕ್ಕೆ ಹಾಕಬೇಡಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಇನ್ನೊಂದು ಭಾಗ, ಕುಗ್ಗುವಾಗಿನ ತಡೆ ಬೇರೆ, ಹಿಗ್ಗುವಾಗಿನ ತಡೆ ಬೇರೆ. ಕುಗ್ಗುವುದನ್ನು ಬಂಪ್ ಅನ್ನುತ್ತಾರೆ, ಹಿಗ್ಗುವುದನ್ನು ರಿಬೌಂಡ್. ಕುಗ್ಗಿದ ಸ್ಪ್ರಿಂಗ್ ತುಂಬಾ ಶಕ್ತಿ ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ನಿಧಾನಕ್ಕೆ ಬಿಡಬೇಕು, ಅದಕ್ಕೆ ರಸ್ತೆ ಕಾರುಗಳಲ್ಲಿ ರಿಬೌಂಡ್ ತಡೆ ಬಂಪ್‌ಗಿಂತ ಜಾಸ್ತಿ ಇರುತ್ತದೆ. ಆದರೆ ಅದು ಮಿತಿ ಮೀರಿದರೆ ಬೇರೆ ಕಾಯಿಲೆ ಶುರು. ಸಾಲಾಗಿ ಬರುವ ಪಟ್ಟಿ ಹಂಪ್ಸ್ ಮೇಲೆ ಹೋಗುತ್ತೀರಿ ಅಂದುಕೊಳ್ಳಿ. ಮೊದಲ ಪಟ್ಟಿಗೆ ಸ್ಪ್ರಿಂಗ್ ಕುಗ್ಗಿತು. ಪೂರ್ತಿ ಹಿಗ್ಗುವ ಮುಂಚೆ ಎರಡನೆಯದು ಬಂತು, ಇನ್ನೂ ಕುಗ್ಗಿತು. ಮೂರನೆಯದು, ನಾಲ್ಕನೆಯದು. ಕಾರು ಮೆಲ್ಲಗೆ ಕೆಳಗೆ ಎಳೆದುಕೊಳ್ಳುತ್ತಾ ಹೋಗಿ ಕೊನೆಗೆ ಚಕ್ರದ ಓಟದ ತುದಿಯಲ್ಲಿರುವ ರಬ್ಬರ್ ತಡೆಗೇ ಕೂರುತ್ತದೆ. ದೇವರಾಯನದುರ್ಗದ ಅಲೆಗಳ ಮೇಲೆ ನನ್ನ ಕಾರಿಗೆ ಆದದ್ದು ಇದೇ. ಮೊದಲ ಅಲೆಗೆ ಸುಮ್ನೆ ಇತ್ತು, ಮೂರನೆಯದಕ್ಕೆ ಎಗರಿತು.

ತಿರುಪನ್ನು ಹೊಂದಿಸುವ ಕ್ರಮ ಕಷ್ಟದ್ದಲ್ಲ. ಪೂರ್ತಿ ಮೆತ್ತಗೆ ಮಾಡಿ ಶುರು ಮಾಡಿ. ಗೊತ್ತಿರುವ ಒಂದು ಎರಡು ಕಿಲೋಮೀಟರ್ ರಸ್ತೆ ಆರಿಸಿ. ಉಬ್ಬು ದಾಟಿದ ಮೇಲೆ ಕಾರು ಎರಡು ಮೂರು ಸಲ ತೂಗುತ್ತದೆ. ಎರಡು ಕ್ಲಿಕ್ (ತಿರುಪಿನ ಎರಡು ಹೆಜ್ಜೆ) ಬಿಗಿ ಮಾಡಿ, ಮತ್ತೆ ಅದೇ ರಸ್ತೆ. ಒಂದೇ ಸಲ ಎದ್ದು ಕೂತು ಸುಮ್ಮನಾಗುವ ಹಂತ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಬಿಗಿ ಮಾಡಿದರೆ ಬಿಗಿ ಅನ್ನಿಸುತ್ತದೆ, ಆದರೆ ಹಿಡಿತ ಹೆಚ್ಚುವುದಿಲ್ಲ. ನನ್ನ ಶಾಕ್‌ನಲ್ಲಿ 24 ಕ್ಲಿಕ್ ಇವೆ. ಪೂರ್ತಿ ಮೆತ್ತಗಿನಿಂದ ಎಣಿಸಿದರೆ ಮುಂದೆ 9, ಹಿಂದೆ 10ಕ್ಕೆ ನಿಂತಿದ್ದೇನೆ. ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಒಂದು ಸಣ್ಣ ನೋಟ್‌ಬುಕ್ ಇದೆ. ತಾರೀಖು, ಟೈರ್ ಗಾಳಿ, ಕ್ಲಿಕ್, ಏನನ್ನಿಸಿತು ಎಲ್ಲ ಬರೆದಿಡುತ್ತೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಬದಲಿಸಿದರೆ ಯಾವುದು ಏನು ಮಾಡಿತು ಅಂತ ಗೊತ್ತಾಗುವುದೇ ಇಲ್ಲ.

ಈಗ ಕಾರು ಇಳಿಸುವ ವಿಷಯ. ಇದರ ಬಗ್ಗೆ ನನಗೆ ನಿಜಕ್ಕೂ ಸಂಕಟ ಇದೆ. ಚೆಂದ ಕಾಣುತ್ತದೆ ಅಂತ ಹುಡುಗರು ಒಳ್ಳೆಯ ಕಾರನ್ನು ಇಳಿಸಿ ಕೆಡಿಸುತ್ತಾರೆ. ಇಳಿಸಿದರೆ ಭಾರದ ಕೇಂದ್ರ ಕೆಳಗೆ ಬರುತ್ತದೆ, ನಿಜ. ಎಷ್ಟು ಲಾಭ ಅಂತ ನೋಡೋಣ. ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಭಾರ ಸರಿಯುತ್ತದೆ. ಕಾರಿನ ತೂಕವನ್ನು ತಿರುವಿನ ಬಲದಿಂದ, ಭಾರ ಕೇಂದ್ರದ ಎತ್ತರದಿಂದ ಗುಣಿಸಿ, ಎಡ ಬಲ ಚಕ್ರಗಳ ನಡುವಿನ ಅಗಲದಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. 1300 ಕೆ.ಜಿ. ಕಾರು, ಗುರುತ್ವದ 0.8ರಷ್ಟು ಬಲ, ಅರ್ಧ ಮೀಟರ್ ಎತ್ತರ, ಒಂದೂವರೆ ಮೀಟರ್ ಅಗಲ. ಸುಮಾರು 347 ಕೆ.ಜಿ. ಸರಿಯುತ್ತದೆ. ಕಾರನ್ನು 25 ಮಿ.ಮೀ. ಇಳಿಸಿದರೆ ಅದು ಸುಮಾರು 330 ಆಗುತ್ತದೆ. ಉಳಿದದ್ದು 17 ಕೆ.ಜಿ. ಅಷ್ಟೇ.

ಕಳೆದುಕೊಳ್ಳುವುದು ಇದಕ್ಕಿಂತ ಜಾಸ್ತಿ. ಚಕ್ರ ಮೇಲೆ ಏಳಲು ಇರುವ ಜಾಗ ಕಡಿಮೆಯಾಗುತ್ತದೆ. 40 ಮಿ.ಮೀ. ಇಳಿಸಿದ ಮೇಲೆ ನನ್ನ ಕಾರಿನ ಮುಂದಿನ ಚಕ್ರಕ್ಕೆ ರಬ್ಬರ್ ತಡೆ ಮುಟ್ಟುವ ಮುಂಚೆ ಉಳಿದದ್ದು 25 ಮಿ.ಮೀ. ಮಾತ್ರ. ತಡೆ ಮುಟ್ಟಿದ ಕ್ಷಣ ಸ್ಪ್ರಿಂಗ್ ಕಲ್ಲಾಗುತ್ತದೆ, ಆ ಚಕ್ರದ ಹಿಡಿತ ತಟ್ಟನೆ ಹೋಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ನಿಯಮದ ಪ್ರಕಾರ ಗುಂಡಾದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, 25 ಕಿ.ಮೀ. ವೇಗದಲ್ಲಿ ದಾಟುವ ಹಾಗಿರಬೇಕು. ಕೊರಟಗೆರೆ, ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಊರವರೇ ಮಕ್ಕಳ ಭಯಕ್ಕೆ ಹಾಕಿಸಿದ ಹಂಪ್ಸ್ ಎಷ್ಟೋ ಕಡೆ ಅದರ ಕಾಲು ಭಾಗ ಅಗಲವೂ ಇರುವುದಿಲ್ಲ. ಅವರ ಭಯ ನ್ಯಾಯವಾದದ್ದೇ. ನಮ್ಮ ಕಾರನ್ನು ನಾವೇ ಅದಕ್ಕೆ ತಕ್ಕ ಹಾಗೆ ಇಟ್ಟುಕೊಳ್ಳಬೇಕು.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಕಾರಿನ ಕೆಳಗೆ ಬಗ್ಗಿ ಲೋಯರ್ ಆರ್ಮ್ ನೋಡಿ. ಸರಿಯಾದ ಎತ್ತರದಲ್ಲಿ ಅದು ಒಳಗಿನಿಂದ ಚಕ್ರದ ಕಡೆಗೆ ಸ್ವಲ್ಪ ಕೆಳಗೆ ಇಳಿದಿರುತ್ತದೆ, ಇಲ್ಲವೇ ಮಟ್ಟವಾಗಿರುತ್ತದೆ. ಜಾಸ್ತಿ ಇಳಿಸಿದರೆ ಅದು ಚಕ್ರದ ಕಡೆಗೆ ಮೇಲಕ್ಕೆ ಏರುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ, ಅಂದರೆ ನಾವು ನೋಡುವ ಬಹುಪಾಲು ಕಾರುಗಳಲ್ಲಿ, ಆಗ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಭಾರ ಕೇಂದ್ರಕ್ಕಿಂತ ಬೇಗ ಕೆಳಗೆ ಹೋಗಿಬಿಡುತ್ತದೆ. ಎರಡರ ನಡುವಿನ ಅಂತರವೇ ವಾಲಿಸುವ ಸನ್ನೆಗೋಲು. ಅದು ಉದ್ದವಾದರೆ ಇಳಿಸಿದ ಕಾರು ಮುಂಚೆಗಿಂತ ಜಾಸ್ತಿ ವಾಲಲು ನೋಡುತ್ತದೆ. ಅದನ್ನು ತಡೆಯಲು ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕುತ್ತಾರೆ. ಸ್ಟಿಯರಿಂಗ್‌ನ ಟೈ ರಾಡ್, ಅಂದರೆ ಚಕ್ರವನ್ನು ತಿರುಗಿಸುವ ಸರಳಿನ ಕೋನವೂ ಕೆಡುತ್ತದೆ. ಆಮೇಲೆ ಉಬ್ಬು ಸಿಕ್ಕಾಗಲೆಲ್ಲ ಚಕ್ರ ತಾನೇ ತಾನಾಗಿ ಸ್ವಲ್ಪ ತಿರುಗುತ್ತದೆ. ನಾನು 25 ಮಿ.ಮೀ. ವಾಪಸ್ ಏರಿಸಿದೆ. ಕಾರು ನೋಡಲು ಸ್ವಲ್ಪ ಸಪ್ಪೆ, ಓಡಿಸಲು ಬೇರೆಯೇ ಕಾರು.

ಮೇಲೆ ಹೇಳಿದ 347 ಕೆ.ಜಿ. ಲೆಕ್ಕವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಸ್ಪ್ರಿಂಗ್ ಎಲ್ಲೂ ಇಲ್ಲ, ಅಲ್ವಾ? ಸ್ಪ್ರಿಂಗ್ ಗಟ್ಟಿ ಮಾಡಿದರೂ, ಮೆತ್ತಗೆ ಮಾಡಿದರೂ ಒಟ್ಟು ಸರಿಯುವ ಭಾರ ಹೆಚ್ಚುಕಮ್ಮಿ ಅಷ್ಟೇ. ವಾಲುವುದು ಕಡಿಮೆಯಾದರೆ ಭಾರ ಸರಿಯುವುದೂ ನಿಲ್ಲುತ್ತದೆ ಅಂತ ನಾನು ವರ್ಷಗಟ್ಟಲೆ ಅಂದುಕೊಂಡಿದ್ದೆ. ಅದು ತಪ್ಪು. ಸ್ಪ್ರಿಂಗ್ ಮತ್ತು ಆಂಟಿ ರೋಲ್ ಬಾರ್ (ಕಾರು ವಾಲುವುದನ್ನು ತಡೆಯುವ ಸರಳು, ಮುಂದೆ ಹೇಳುತ್ತೇನೆ) ತೀರ್ಮಾನಿಸುವುದು ಆ ಭಾರದಲ್ಲಿ ಮುಂದಿನ ಜೋಡಿ ಚಕ್ರಗಳಿಗೆ ಎಷ್ಟು ಪಾಲು, ಹಿಂದಿನ ಜೋಡಿಗೆ ಎಷ್ಟು ಪಾಲು ಅನ್ನುವುದನ್ನು. ಕಾರಿನ ಸ್ವಭಾವವೆಲ್ಲ ಈ ಪಾಲಿನಲ್ಲಿದೆ.

ಯಾಕೆ ಅಂದರೆ ಟೈರ್ ಮೇಲೆ ಭಾರ ದುಪ್ಪಟ್ಟಾದರೆ ಹಿಡಿತ ದುಪ್ಪಟ್ಟಾಗುವುದಿಲ್ಲ. ಲೆಕ್ಕಕ್ಕೆಂದು ಒಂದು ಅಂಕಿ ಇಟ್ಟುಕೊಳ್ಳೋಣ. ಎರಡು ಟೈರ್ ಮೇಲೆ ತಲಾ 325 ಕೆ.ಜಿ. ಭಾರ, ತಲಾ 325ರಷ್ಟು ಹಿಡಿತ, ಒಟ್ಟು 650. ಈಗ ತಿರುವಿನಲ್ಲಿ ಹೊರಗಿನದಕ್ಕೆ 500, ಒಳಗಿನದಕ್ಕೆ 150 ಆಯಿತು. ಹೊರಗಿನದು 460 ಕೊಟ್ಟಿತು, ಒಳಗಿನದು 160 ಕೊಟ್ಟಿತು. ಒಟ್ಟು 620. ಭಾರ ಅಷ್ಟೇ ಇದೆ, ಹಿಡಿತ ಮಾತ್ರ ಕಡಿಮೆ. ಯಾವ ಜೋಡಿಯಲ್ಲಿ ಭಾರ ಜಾಸ್ತಿ ಸರಿಯುತ್ತದೋ ಆ ಜೋಡಿ ಮೊದಲು ಜಾರುತ್ತದೆ. ಮುಂದಿನ ಬಾರ್ ದಪ್ಪ ಮಾಡಿದರೆ ಮುಂದಿನ ಜೋಡಿ ಮೊದಲು ಸೋಲುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರಕ್ಕೆ ಎಳೆಯುತ್ತದೆ, ಇದು ಅಂಡರ್‌ಸ್ಟಿಯರ್. ಹಿಂದಿನದು ದಪ್ಪ ಮಾಡಿದರೆ ಬಾಲ ಹೊರಗೆ ಬರುತ್ತದೆ, ಇದು ಓವರ್‌ಸ್ಟಿಯರ್. ಘಾಟಿ ರಸ್ತೆಯಲ್ಲಿ ಎರಡನೆಯದು ತುಂಬಾ ಅಪಾಯ. ಅದಕ್ಕೇ ಕಂಪನಿಗಳು ಕಾರನ್ನು ಸ್ವಲ್ಪ ಅಂಡರ್‌ಸ್ಟಿಯರ್ ಕಡೆಗೇ ಇಟ್ಟಿರುತ್ತವೆ.

ಆಂಟಿ ರೋಲ್ ಬಾರ್ ಅಂದರೆ ಎಡ ಬಲ ಚಕ್ರಗಳನ್ನು ಜೋಡಿಸುವ ಬಾಗಿದ ಉಕ್ಕಿನ ಸರಳು. ಎರಡೂ ಚಕ್ರ ಒಟ್ಟಿಗೆ ಹಂಪ್ ಏರಿದರೆ ಅದು ಸುಮ್ಮನೆ ತಿರುಗುತ್ತದೆ, ಏನೂ ಮಾಡುವುದಿಲ್ಲ. ಒಂದು ಪಕ್ಕ ಮಾತ್ರ ಎದ್ದರೆ ತಿರುಚಿಕೊಂಡು ತಡೆಯುತ್ತದೆ. ಅದರ ಗಟ್ಟಿತನ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. 20 ಮಿ.ಮೀ. ಸರಳನ್ನು 22 ಮಾಡಿದರೆ ಎರಡೇ ಮಿಲಿಮೀಟರ್ ಅನ್ನಿಸುತ್ತದೆ. ಗಟ್ಟಿತನ ಶೇ. 46ರಷ್ಟು ಏರಿರುತ್ತದೆ. ಬೆಲೆಯೂ ಇದೆ: ಒಂದು ಚಕ್ರ ಗುಂಡಿಗೆ ಇಳಿದಾಗ ಇನ್ನೊಂದನ್ನೂ ಎಳೆಯುತ್ತದೆ, ತಲೆ ಅತ್ತಿತ್ತ ಓಲಾಡುತ್ತದೆ. ಹಾಗಾಗಿ ನಾನು ಬಾರ್ ಮುಟ್ಟಲಿಲ್ಲ.

ಮೆತ್ತನೆಯ ಸ್ಪ್ರಿಂಗ್‌ನಲ್ಲಿ ಸ್ಪೋರ್ಟ್ಸ್ ಕಾರು ಆಗುತ್ತದಾ ಅಂತ ಕೇಳುವವರಿಗೆ ನಾನು 1962ರಲ್ಲಿ ಬಂದ ಲೋಟಸ್ ಎಲಾನ್ ಹೆಸರು ಹೇಳುತ್ತೇನೆ. ಅದರ ತೂಕ 700 ಕೆ.ಜಿ.ಗೂ ಕಡಿಮೆ. ಸ್ಪ್ರಿಂಗ್ ಮೆತ್ತಗೆ, ಚಕ್ರಕ್ಕೆ ಓಡಾಡಲು ಜಾಗ ಧಾರಾಳ. ಇವತ್ತಿಗೂ ರಸ್ತೆ ಹಿಡಿತದ ಮಾತು ಬಂದರೆ ಆ ಕಾರಿನ ಹೆಸರು ಬರುತ್ತದೆ. ಈಗಿನ ಕೆಲವು ದುಬಾರಿ ಕಾರುಗಳಲ್ಲಿ ಶಾಕ್ ಒಳಗಿನ ಎಣ್ಣೆಯಲ್ಲಿ ಕಬ್ಬಿಣದ ಸಣ್ಣ ಕಣಗಳಿರುತ್ತವೆ. ಕಾಂತಕ್ಷೇತ್ರ ಬದಲಿಸಿದರೆ ಎಣ್ಣೆಯ ದಪ್ಪ ತಕ್ಷಣ ಬದಲಾಗುತ್ತದೆ. 2002ರಲ್ಲಿ ಕ್ಯಾಡಿಲಾಕ್ ಸೆವಿಲ್‌ನಲ್ಲಿ ಮೊದಲು ಬಂದದ್ದು. ನಮ್ಮಂಥವರ ಹಳೆಯ ಕಾರಿಗೆ ಅದು ದೂರದ ಮಾತು.

ಅಲೈನ್‌ಮೆಂಟ್‌ಗೆ ಅಂದರೆ ಚಕ್ರಗಳ ಕೋನ ಹೊಂದಿಸುವ ಕೆಲಸಕ್ಕೆ ಬರೋಣ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಎಷ್ಟೋ ಅಂಗಡಿಗಳಿವೆ. ಕಂಪ್ಯೂಟರ್ ಪರದೆ ಮೇಲೆ ಹಸಿರು ಬಂತು ಅಂದರೆ ಕೆಲಸ ಮುಗಿಯಿತು ಅಂತ ಕಳಿಸುತ್ತಾರೆ. ಹಸಿರು ಅಂದರೆ ಕಂಪನಿ ಹೇಳಿದ ಮಿತಿಯ ಒಳಗಿದೆ ಅಂತ ಅರ್ಥ, ಆ ಮಿತಿ ಅಗಲವಾಗಿರುತ್ತದೆ. ಎಡ ಬಲ ಸಮ ಇದೆಯಾ ಅಂತ ಕೇಳಿ, ಅಂಕಿ ಇರುವ ಪ್ರಿಂಟ್ ತಗೊಳ್ಳಿ. ಕ್ಯಾಂಬರ್ ಅಂದರೆ ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಗೆ ವಾಲಿದೆಯೋ ಹೊರಗೆ ವಾಲಿದೆಯೋ ಅನ್ನುವುದು. ತಲೆ ಸ್ವಲ್ಪ ಒಳಗೆ ವಾಲಿದ್ದರೆ, ಕಾರು ತಿರುವಿನಲ್ಲಿ ವಾಲಿದಾಗ ಹೊರಗಿನ ಟೈರ್ ನೆಲಕ್ಕೆ ಚಪ್ಪಟೆಯಾಗಿ ಕೂರುತ್ತದೆ. ರಸ್ತೆಗೆ ಒಂದರಿಂದ ಒಂದೂವರೆ ಡಿಗ್ರಿ ಸಾಕು. ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮೂಗು ಒಳಗಿದೆಯೋ ಹೊರಗಿದೆಯೋ. ಟೈರ್ ತಿನ್ನುವ ನಿಜವಾದ ಕಳ್ಳ ಇದು. ಚಕ್ರ ಕಾಲು ಡಿಗ್ರಿ ಓರೆಯಾಗಿದ್ದರೂ ಪ್ರತಿ ಕಿಲೋಮೀಟರಿಗೆ ಸುಮಾರು 4.4 ಮೀಟರ್ ಪಕ್ಕಕ್ಕೆ ಉಜ್ಜಿದಷ್ಟು ಸವೆತ. ನನ್ನ ಕಾರಿನಲ್ಲಿ ಮುಂದೆ ಟೋ ಸೊನ್ನೆ. ಹಿಂದೆ ಒಂಚೂರು ಒಳಗೆ, ಬ್ರೇಕ್ ಹಿಡಿದಾಗ ಬಾಲ ನೆಟ್ಟಗಿರಲಿ ಅಂತ.

ಈ ಕೆಲಸ ಮಾಡಿಸುವಾಗ ಡ್ರೈವರ್ ಸೀಟಿನಲ್ಲಿ ನಿಮ್ಮ ತೂಕ ಇರಬೇಕು. ನಾನು 50 ಕೆ.ಜಿ. ಅಕ್ಕಿ ಮೂಟೆ ಒಂದು, 25ರದ್ದು ಒಂದು ಇಟ್ಟಿದ್ದೆ. ಕಾಯಿಲ್‌ಓವರ್ ಇದ್ದರೆ ನಾಲ್ಕೂ ಚಕ್ರಗಳನ್ನು ಬೇರೆ ಬೇರೆ ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡುವುದೂ ಮುಖ್ಯ. ನಾಲ್ಕು ಕಾಲಿನ ಮೇಜಿನಲ್ಲಿ ಒಂದು ಕಾಲು ಉದ್ದ ಇದ್ದರೆ ಏನಾಗುತ್ತದೆ? ಎದುರುಬದುರಿನ ಎರಡು ಕಾಲಿನ ಮೇಲೇ ಭಾರ ಕೂರುತ್ತದೆ, ಉಳಿದೆರಡು ಓಲಾಡುತ್ತವೆ. ಬಳೆಗಳನ್ನು ಕಣ್ಣಳತೆಯಲ್ಲಿ ತಿರುಗಿಸಿದ ಕಾರೂ ಹಾಗೆಯೇ. ಎಡಕ್ಕೆ ಒಂದು ಥರ, ಬಲಕ್ಕೆ ಇನ್ನೊಂದು ಥರ ತಿರುಗುತ್ತದೆ.

ಕಾಸು ಖರ್ಚಿಲ್ಲದ ಕೆಲಸ ಟೈರ್ ಗಾಳಿ. ಬೆಳಗ್ಗೆ ಟೈರ್ ತಣ್ಣಗಿದ್ದಾಗ ನೋಡಿ, ಒಂದೆರಡು ಪಿಎಸ್‌ಐ ಬದಲಿಸಿದರೂ ಕೈಗೆ ಗೊತ್ತಾಗುತ್ತದೆ. ಟೈರ್‌ನ ವಯಸ್ಸೂ ನೋಡಿ. ಪಕ್ಕದಲ್ಲಿ 3219 ಅಂತ ಇದ್ದರೆ 2019ರ 32ನೇ ವಾರ ತಯಾರಾದದ್ದು. ಟೈರ್ ಪಕ್ಕದ ಗೋಡೆಯೂ ಒಂದು ಸ್ಪ್ರಿಂಗ್ ಅನ್ನುವುದು ಮರೆಯಬೇಡಿ. 225/45 ಅಳತೆಯ 17 ಇಂಚಿನ ಚಕ್ರದಲ್ಲಿ ಆ ಗೋಡೆ 101 ಮಿ.ಮೀ. 235/35 ಅಳತೆಯ 19 ಇಂಚಿನದರಲ್ಲಿ 82. ನಮ್ಮ ಗುಂಡಿಗಳಿಗೆ ಆ 19 ಮಿಲಿಮೀಟರ್ ದೊಡ್ಡದು.

ಇಷ್ಟಕ್ಕೆಲ್ಲ ಮುಂಚೆ ಸಸ್ಪೆನ್ಷನ್ ಭಾಗಗಳನ್ನು ಸೇರಿಸುವ ಬುಷ್ (ರಬ್ಬರ್ ಜೋಡಣೆ), ಬಾಲ್ ಜಾಯಿಂಟ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್ ಪರೀಕ್ಷೆ ಮಾಡಿಸಿ. ಬುಷ್ ಹರಿದಿದ್ದರೆ ಅಲೈನ್‌ಮೆಂಟ್ ಅಂಕಿ ಬ್ರೇಕ್ ಒತ್ತಿದ ಕೂಡಲೇ ಬದಲಾಗುತ್ತದೆ, ಎಷ್ಟು ಒಳ್ಳೆಯ ಶಾಕ್ ಹಾಕಿದರೂ ದಂಡ. ಕಾನೂನೂ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಿಸುವುದನ್ನು ತಡೆಯುತ್ತದೆ. ದುಡ್ಡು ಕೊಡುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ, ವಿಮೆಯವರಲ್ಲಿ ಕೇಳಿಕೊಳ್ಳಿ. ವೇಗದ ಪರೀಕ್ಷೆ ಮಾಡಬೇಕಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟುಕೋಟೈ ಟ್ರ್ಯಾಕ್ ಇದೆ. ದೇವರಾಯನದುರ್ಗದಲ್ಲಿ ಮಂಗಗಳು ಮರಿ ಎತ್ತಿಕೊಂಡು ರಸ್ತೆ ಮಧ್ಯೆ ಕೂತಿರುತ್ತವೆ, ನಡೆದು ಬರುವ ಭಕ್ತರಿರುತ್ತಾರೆ. ಅಲ್ಲಿ ವೇಗ ಬೇಕಾಗಿಯೂ ಇಲ್ಲ. ಸಸ್ಪೆನ್ಷನ್ ಸರಿ ಇದೆಯೋ ಇಲ್ಲವೋ 40ರಲ್ಲೇ ಗೊತ್ತಾಗುತ್ತದೆ.

ಸ್ಪ್ರಿಂಗ್ ಬದಲಿಸಿ, ಎತ್ತರ ಏರಿಸಿ, ಅಲೈನ್‌ಮೆಂಟ್ ಮಾಡಿಸಿದ ಮೇಲೆ ಮೇಸ್ತ್ರಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ತಿರುವಿಗೆ ಹೋದೆ. ಅದೇ ವೇಗ. ಅಲೆಗಳ ಮೇಲೆ ಚಕ್ರಗಳು ಕೆಳಗೆ ಗುಡುಗುಡು ಅಂದವು, ಕಾರಿನ ಮೈ ಅಲುಗಲಿಲ್ಲ, ಸ್ಟಿಯರಿಂಗ್ ಇದ್ದಲ್ಲೇ ಇತ್ತು. ಮೇಸ್ತ್ರಿ ಏನೂ ಹೇಳಲಿಲ್ಲ. ಬೆಟ್ಟ ಇಳಿದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಕೇಳಿದರು: 'ಹಿಂದಿನ ಎಡಗಡೆ ಬುಷ್ ಒಂದು ಕಿರುಗುಡ್ತಾ ಇದೆ, ಕೇಳಿಸ್ತಾ ಸಾರ್?' ನನಗೆ ಕೇಳಿಸಿರಲಿಲ್ಲ. ಮುಂದಿನ ವಾರ ಅದನ್ನು ಬಿಚ್ಚಿ ನೋಡುವುದು ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ.